ಮೂಕಿಯ ಹಲ್ಲಿನಲ್ಲಿ ಕುಂಕುಮ

"ಅವ್ವಾ, ಸಿದ್ದರಾಯ ಮುತ್ಯಾ ಯಾಕ ಎಡಗೈಲೆ ಪಾನಾ ತಿರುವತಾನ? ಅವನ ಬಲಗೈ ಸಾಲಿ ಬಿಟ್ಟೈತೇನು?"

ಮಗಳು ಭುವನೇಶ್ವರಿ ಇದನ್ನು ಕೇಳಿದ್ದು ನಾನು ಅವಳ ಜಡೆ ಹೆಣೆಯುತ್ತಿದ್ದಾಗ. ಈ ವರ್ಷವಷ್ಟೇ ಅವಳನ್ನು ಶಾಲೆಗೆ ಹಾಕಿದ್ದೇವೆ. ಹಾಗಾಗಿ ಕೆಲಸ ಮಾಡದೆ ಸುಮ್ಮನಿರುವುದೆಲ್ಲ ಅವಳ ಲೆಕ್ಕದಲ್ಲಿ ಶಾಲೆ ಬಿಟ್ಟದ್ದೇ. ಬೋಲ್ಟು ಮುರಿದು ಮುತ್ಯಾನ ಕೈಗೆ ಬಡಿಯಿತು ಎಂದು ಹೇಳಿ ರಿಬ್ಬನ್ನು ಬಿಗಿದೆ. ಸಿಂದಗಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಸಿದ್ದರಾಯ ಕಾಕಾನ ಹೆಂಡತಿ ಶಂಕ್ರೆವ್ವ ಕಾಕು ನಂಬಿರುವುದೂ ಇದನ್ನೇ. ಬೋಲ್ಟು ಮುರಿದಿರಲಿಲ್ಲ ಎಂಬುದು ಕಾಕಾನಿಗೆ ಗೊತ್ತು, ನನಗೆ ಗೊತ್ತು. ಕಾಕುಗೆ ಗೊತ್ತಾಗಬಾರದು ಎಂದು ಆ ಮನುಷ್ಯ ಒಂದು ವರ್ಷದಿಂದ ಪಡುತ್ತಿರುವ ಪಾಡನ್ನು ಹತ್ತಿರದಿಂದ ನೋಡುತ್ತಿದ್ದೇನೆ.

ನಾವು ಅವರ ಮನೆಯ ಹಿಂದಿನ ಕೋಣೆಗಳಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮವರದು ಆಲಮಟ್ಟಿಯಲ್ಲಿ ಕಾಲುವೆ ಆಫೀಸಿನ ಕೆಲಸ; ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾರೆ. ಉಳಿದ ದಿನ ಮಗುವಿಗೆ ಜ್ವರ ಬಂದರೂ, ಸ್ಟೋವಿನ ಬತ್ತಿ ಕೆಟ್ಟರೂ ನನಗೆ ಈ ಇಬ್ಬರೇ ಗತಿ. ಮನೆಯ ಮುಂದೆ ಯಂಕಂಚಿ ಕಡೆ ಹೋಗುವ ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡೇ ಕಾಕಾನ ಗ್ಯಾರೇಜು. ಟ್ರ್ಯಾಕ್ಟರು, ಟೆಂಪೊ, ಜೀಪು, ಸುಗ್ಗಿಯಲ್ಲಿ ರಾಶಿ ಯಂತ್ರ, ಯಾವುದು ಬಂದರೂ ಆಗುವುದಿಲ್ಲ ಎಂದು ಹಿಂದಕ್ಕೆ ಕಳಿಸಿದವರಲ್ಲ.

ಅವರ ಜೀವವೆಲ್ಲ ಇರುವುದು ರ‍್ಯಾಚೆಟ್‌ಗಳಲ್ಲಿ. ಸಾದಾ ಪಾನಾದಿಂದ ನಟ್ಟು ಬಿಚ್ಚುವಾಗ ಪ್ರತಿ ಸಲ ಪಾನಾ ತೆಗೆದು ಮತ್ತೆ ಕೂರಿಸಬೇಕು. ರ‍್ಯಾಚೆಟ್‌ಗೆ ಆ ತಾಪತ್ರಯವಿಲ್ಲ. ಅದರ ತಲೆಯೊಳಗೆ ಒಂದು ಹಲ್ಲಿನ ಚಕ್ರ, ಚಕ್ರಕ್ಕೆ ಒರಗಿಕೊಂಡು ಒಂದು ಪುಟ್ಟ ಕೊಕ್ಕೆ. ಈ ಕಡೆ ಎಳೆದರೆ ಕೊಕ್ಕೆ ಹಲ್ಲನ್ನು ಕಚ್ಚಿ ಹಿಡಿದು ನಟ್ಟನ್ನು ತಿರುಗಿಸುತ್ತದೆ; ಆ ಕಡೆ ತಂದರೆ ಕಟಕಟ ಎನ್ನುತ್ತ ಜಾರುತ್ತದೆ. ಬೇರೆ ಮೆಕ್ಯಾನಿಕರ ಬಳಿ ಒಂದೋ ಎರಡೋ ಇದ್ದರೆ ಕಾಕಾನ ಬಳಿ ಒಂದು ಪೆಟ್ಟಿಗೆ ತುಂಬ ಇವೆ. ಕೆಲವು ತಾಳಿಕೋಟೆಯ ಸಂತೆಯವು, ಕೆಲವು ಸೊಲ್ಲಾಪುರದ ಗುಜರಿಯವು. ಆಲಮಟ್ಟಿಯ ಕೆಲಸ ಮುಗಿಸಿ ಹೊರಟ ಗುತ್ತಿಗೆದಾರರು ಬಿಟ್ಟುಹೋದ ಕಬ್ಬಿಣದ ರಾಶಿಯಲ್ಲಿ ಹೆಕ್ಕಿದವೂ ಇವೆ. ತಂದದ್ದನ್ನು ತಂದ ಹಾಗೆ ಇಟ್ಟುಕೊಳ್ಳುವವರೂ ಅಲ್ಲ. ಕೈ ಹೋಗದ ಮೂಲೆಯಲ್ಲಿ ನಟ್ಟು ಇದೆ ಎಂದರೆ ಮೊದಲು ಅಲ್ಲಿಗೆ ಒಂದು ತಂತಿ ತೂರಿಸುತ್ತಾರೆ. ಎಲ್ಲೂ ತಾಗದೆ ನಟ್ಟು ಮುಟ್ಟುವ ತನಕ ತಂತಿಯನ್ನು ಬಗ್ಗಿಸಿ, ಹುಷಾರಾಗಿ ಹೊರಗೆ ತೆಗೆದು, ಅದೇ ಡೊಂಕಿಗೆ ರ‍್ಯಾಚೆಟ್‌ನ ಹಿಡಿಯನ್ನು ಕಾಸಿ ಬಗ್ಗಿಸುತ್ತಾರೆ. ಎಂಜಿನ್ ಇಳಿಸದೆ ಕೆಲಸ ಮುಗಿಯುತ್ತದೆ.

ಒಂದೊಂದಕ್ಕೂ ಹೆಸರಿದೆ. ಹಿಡಿ ಕತ್ತರಿಸಿ ಮೋಟು ಮಾಡಿದ್ದು ಗಿಡ್ಡಿ. ಬಗ್ಗಿಸಿದ್ದು ಡೊಂಕಿ. ಎಲ್ಲಕ್ಕಿಂತ ಸಣ್ಣ ಹಲ್ಲಿನದು ಮೂಕಿ. ದೊಡ್ಡ ಹಲ್ಲಿನ ರ‍್ಯಾಚೆಟ್‌ಗೆ ಒಂದು ಮೊಳ ಕೈಯಾಡಿಸುವಷ್ಟು ಜಾಗ ಬೇಕು. ಮೂಕಿಗೆ ಎರಡು ಬೆರಳು ಆಡಿದರೆ ಸಾಕು, ಸದ್ದೂ ಕೇಳಿಸುವುದಿಲ್ಲ.

"ಇಷ್ಟ ವರ್ಷದಾಗ ನನ್ನ ಒಮ್ಮೆರೆ ಹೆಸರ ಹಿಡದು ಕರದಿಲ್ಲ ಈ ಮನಷ್ಯಾ," ಎಂದು ಶಂಕ್ರೆವ್ವ ಕಾಕು ನನ್ನ ಮುಂದೆ ದೂರುತ್ತಾರೆ. "ಈ ಕಟಕಟಿಗೋಳಿಗೆ ನೋಡ, ತೊಟ್ಲಾಗ ಹಾಕಿ ಹೆಸರ ಇಟ್ಟಂಗ ಇಟ್ಟಾನ."

"ಅವು ಕರದ ಕೂಡ್ಲೆ ಬರ್ತಾವ," ಎನ್ನುತ್ತಾರೆ ಕಾಕಾ, ಜೀಪಿನ ಅಡಿಯಿಂದಲೇ.

ಹೋದ ವರ್ಷ ಬೇಸಿಗೆಯಲ್ಲಿ ಕಾಕಾನಿಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಅರಿಶಿನ. ಕಾಕು ಗಂಜಿ ಮಾಡಿಕೊಟ್ಟರು, ಔಷಧಿ ತಂದರು, ಯಾರಿಗೂ ಹೇಳದೆ ಒಂದು ಹರಕೆಯನ್ನೂ ಹೊತ್ತರು. ಗಂಡ ಎದ್ದು ಗ್ಯಾರೇಜಿಗೆ ಹೋದರೆ ಮಹಾನವಮಿಯ ಖಂಡೆಪೂಜೆಯಂದು, ಅಂದರೆ ಆಯುಧಪೂಜೆಯ ದಿನ, ಅವರ ಕಟಕಟಿಗಳಿಗೆಲ್ಲ ಪಂಚಾಮೃತದ ಅಭಿಷೇಕ ಮಾಡಿಸುತ್ತೇನೆ ಎಂದು. ಅಲ್ಲಿಯ ತನಕ ಖಂಡೆಪೂಜೆ ಕಾಕಾನ ಕೈಯಲ್ಲೇ ಇತ್ತು. ಕಬ್ಬಿಣ ಬಡಿಯುವ ಅಡಿಗಲ್ಲಿಗೆ, ಜ್ಯಾಕಿಗೆ, ದೊಡ್ಡ ಪಾನಾಗಳಿಗೆ ವಿಭೂತಿ ಹಚ್ಚಿ ಒಂದು ಕಾಯಿ ಒಡೆದರೆ ಆಯಿತು. ರ‍್ಯಾಚೆಟ್ ಪೆಟ್ಟಿಗೆಯನ್ನು ಅವರು ತೆರೆಯುತ್ತಲೇ ಇರಲಿಲ್ಲ.

ಆ ನವಮಿಯಂದು ಕಾಕಾ ಬಾಳೆಕಂಬ ತರಲು ಹೋದಾಗ ಕಾಕು ಪೆಟ್ಟಿಗೆ ತೆರೆದರು. ಒಂದೊಂದನ್ನೂ ಪರಾತದಲ್ಲಿ ಮಲಗಿಸಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎರೆದರು. ಒರೆಸಿ, ಕುಂಕುಮ ಭಂಡಾರ ಹಚ್ಚಿ, ಸೇವಂತಿಗೆ ಏರಿಸಿದರು. ನಾನೂ ಅಲ್ಲೇ ಕೂತು ಹೂ ಕಟ್ಟುತ್ತಿದ್ದೆ. ಎಷ್ಟು ಚೆಂದ ಕಾಣುತ್ತಿವೆ ಎಂದುಕೊಂಡೆನೇ ಹೊರತು ಬೇರೆ ಏನೂ ನನಗೆ ಹೊಳೆಯಲಿಲ್ಲ. ಕಾಕಾ ಕಂಬ ಹೊತ್ತುಕೊಂಡು ಬಂದು ಬಾಗಿಲಲ್ಲೇ ನಿಂತರು. ಹೆಂಡತಿಯ ಮುಖ ನೋಡಿದರು. ಹರಕೆಯ ವಿಷಯ ಕೇಳಿ, ಪರಾತದ ಮುಂದೆ ಕೈ ಮುಗಿದರು.

ಪೂಜೆಗಿಟ್ಟ ಹತಾರುಗಳನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಮುಟ್ಟುವುದಿಲ್ಲ. ಹಲ್ಲುಗಳ ಸಂದಿಗೆ ಇಳಿದಿದ್ದ ಸಕ್ಕರೆ, ಜೇನು ಅಷ್ಟರಲ್ಲಿ ಗಟ್ಟಿಯಾಗಿದ್ದವು. ಬನ್ನಿಯ ಮಾರನೆಯ ಬೆಳಗ್ಗೆ ಯಂಕಂಚಿಯ ಧರೆಪ್ಪ ಎಂಬವರ ಜೀಪು ಬಂತು. ಗೇರು ಬೀಳುತ್ತಿಲ್ಲ ಎಂದು ಅವರು ತಲೆಯ ಮೇಲೇ ನಿಂತರು. ಕಾಕಾ ಮೂಕಿಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಜೀಪಿನ ಅಡಿಗೆ ಹೋದರು. ಗೇರುಪೆಟ್ಟಿಗೆಯ ಮೇಲಿನ ಬೋಲ್ಟಿಗೆ ಹಾಕಿ, ಮಲಗಿದಲ್ಲೇ ಮೈಭಾರ ಬಿಟ್ಟು ಎಳೆದರು. ಕೊಕ್ಕೆ ಹಲ್ಲನ್ನು ಅರ್ಧ ಕಚ್ಚಿತ್ತೇನೋ, ಜಾರಿಬಿಟ್ಟಿತು. ಬಲಗೈ ಹೋಗಿ ಚಾಸಿಯ ಅಂಚಿಗೆ ಬಡಿಯಿತು. ಮಣಿಕಟ್ಟು ಮುರಿಯಿತು, ಎರಡು ಬೆರಳಿನ ನರ ಹರಿಯಿತು. ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ಹೆಂಡತಿ ಹೇಗಾಯಿತು ಎಂದು ಕೇಳಿದ್ದಕ್ಕೆ, ತುಕ್ಕು ಹಿಡಿದ ಬೋಲ್ಟು ಮುರಿಯಿತು ಎಂದರು.

ನಾನೂ ಅದನ್ನೇ ನಂಬಿದ್ದೆ. ಆಮೇಲೆ ಒಂದು ದಿನ ಕಾಕು ಬಸವನ ಬಾಗೇವಾಡಿಗೆ ದೇವರಿಗೆ ಹೋಗಿದ್ದರು. ಕಾಕಾ ಶೆಡ್ಡಿನಿಂದ ಕರೆದು, ಒಂದು ಸಾಮಾನು ಬಿಚ್ಚಬೇಕು, ಸ್ವಲ್ಪ ಹಿಡಿದುಕೋ ಎಂದರು. ನಾನು ಮೂಕಿಯ ಕುತ್ತಿಗೆಯನ್ನು ಬಟ್ಟೆ ಸುತ್ತಿ ಹಿಡಿದೆ. ಅವರು ಎಡಗೈಯಲ್ಲಿ ಸ್ಕ್ರೂ ತೆಗೆದು ಮುಚ್ಚಳ ಎಬ್ಬಿಸಿದರು. ಒಳಗೆ ಪಾಕ ಆರಿದ ಹಾಗೆ ಕೆಂಪಗೆ ಕಟ್ಟಿಕೊಂಡಿತ್ತು. ಚಕ್ರದ ಹಲ್ಲುಗಳ ನಡುವೆ ಒಂದು ಇರುವೆ ಅಂಟಿಕೊಂಡು ಸತ್ತಿತ್ತು. ಕೊಕ್ಕೆಯನ್ನು ಬೆರಳಿನಿಂದ ಒತ್ತಿದರೆ ಅದು ಹೋದಲ್ಲೇ ನಿಲ್ಲುತ್ತಿತ್ತು, ತಿರುಗಿ ಬರುತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು. "ಬಿಚ್ಚಿ ತೊಳೀಬೇಕಿತ್ತು ತಂಗಿ. ಒಳಗ ಸಕ್ರಿ ಇಳದೈತಿ ಅನ್ನೂದು ನನಗ ತಿಳಿಲಾರದ್ದಲ್ಲ. ಆಕಿ ಹಚ್ಚಿದ ಕುಂಕುಮ ಘಾಸಲೇಟದಾಗ ತೊಳಿಯಾಕ ಮನಸ್ಸ ಬರಲಿಲ್ಲ."

ಸೀಮೆಎಣ್ಣೆಯ ತಟ್ಟೆ ಕೆಂಪಾಯಿತು. ಅದನ್ನು ಅವರೇ ಎತ್ತಿಕೊಂಡು ಹೋಗಿ ಗಟಾರಕ್ಕೆ ಚೆಲ್ಲಿ, ಮೇಲೆ ಒಂದು ಕೊಡ ನೀರು ಹಾಕಿಸಿದರು.

"ಆಕಿಗೆ ತಿಳಿದ್ರ ನನ್ನ ಕೈ ನೋಡಿ ಅಳಂಗಿಲ್ಲ, ತನ್ನ ಕೈ ನೋಡ್ಕೋತ ಕುಂಡ್ರತಾಳ. ದೇವರ ಜಗಲಿ ಮುಂದ ಹೋಗೂದ ಬಿಡ್ತಾಳ. ನೀ ಏನೂ ಕಂಡಿಲ್ಲ ಮತ್ತ."

ಏನೂ ಕಂಡಿಲ್ಲರಿ ಎಂದೆ.

ಪ್ಲಾಸ್ಟರ್ ತೆಗೆದ ಮೇಲೂ ಆ ಎರಡು ಬೆರಳು ಮಡಚಲಿಲ್ಲ. ಕಾಕಾ ರ‍್ಯಾಚೆಟ್‌ಗಳನ್ನೆಲ್ಲ ಎಡಗೈಗೆ ಒಗ್ಗುವಂತೆ ಮತ್ತೊಮ್ಮೆ ತಿದ್ದಲು ಕೂತರು. ದಿಕ್ಕು ಬದಲಿಸುವ ಚಿಕ್ಕ ಕೀಲಿಗೆ ಬಾಲದಂತೆ ಒಂದು ಪಟ್ಟಿಯನ್ನು ಬೆಸುಗೆ ಹಾಕಿಸಿದರು, ಹೆಬ್ಬೆರಳು ಆಗದಿದ್ದರೆ ಮಣಿಕಟ್ಟಿನಿಂದ ನೂಕಬಹುದೆಂದು. ಗಿಡ್ಡಿಯ ಹಿಡಿಗೆ ಸೈಕಲ್ ಪೆಡಲಿನ ರಬ್ಬರು ಸಿಕ್ಕಿಸಿದರು. ಡೊಂಕಿಗೆ ಪ್ಲಾಸ್ಟಿಕ್ ಪೈಪನ್ನು ಸೀಳಿ ಒಂದು ತೋಳ್ಪಟ್ಟಿ ಮಾಡಿದರು. ಬಲಗೈಯನ್ನು ಅದರಲ್ಲಿ ತೂರಿಸಿದರೆ ಬೆರಳಿನ ಹಂಗಿಲ್ಲದೆ ಮೊಣಕೈಯಿಂದಲೇ ಎಳೆಯಬಹುದು. ಅದಕ್ಕೆ ಬೇಕಾದ ಬೆಲ್ಟನ್ನು ನಮ್ಮವರ ಹಳೆಯ ಚೀಲದಿಂದ ಬಿಚ್ಚಿ ನಾನೇ ಹೊಲಿದುಕೊಟ್ಟೆ. ಮೊದಲ ಹೊಲಿಗೆ ಒಂದೇ ವಾರಕ್ಕೆ ಕಿತ್ತುಬಂತು. ಎರಡನೆಯ ಸಲ ಚಪ್ಪಲಿ ಹೊಲಿಯುವ ದಾರ ಹಾಕಿದೆ. ಈ ಬೇಸಿಗೆಯ ಹೊತ್ತಿಗೆ ಒಂದು ಟ್ರ್ಯಾಕ್ಟರಿನ ಎಂಜಿನ್ ಹೆಡ್ಡನ್ನು ತಾವೊಬ್ಬರೇ ಬಿಚ್ಚಿ ಕೂರಿಸಿದರು. ನಿಧಾನವಾಯಿತು, ಆದರೆ ಆಯಿತು. ಆ ದಿನ ಕಾಕು ಹೋಳಿಗೆ ಮಾಡಿ ನಮ್ಮ ಮನೆಗೂ ಕಳಿಸಿದರು.

ಈಗ ಮತ್ತೆ ದಸರೆ ಹತ್ತಿರ ಬಂದಿದೆ. ಮೊನ್ನೆ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುವಾಗ ಕಾಕು ನನಗೆ ತಮ್ಮ ಲೆಕ್ಕ ಹೇಳಿದರು. "ಹ್ವಾದ ವರ್ಷ ಜೀವಕ್ಕ ಬರಬೇಕಾದ್ದು ಕೈಗೆ ಬಂದು ಹೋತು. ಅಭಿಷೇಕ ಮಾಡಿದ್ದಕ್ಕ ಅಷ್ಟಕ್ಕ ಬಿಟ್ಟ ದೇವರು. ಈ ಸಲ ಬರೇ ನೀರಂಗ ಎರದು ಬಿಡೂದಿಲ್ಲ, ರಾತ್ರಿಯೆಲ್ಲಾ ಪಂಚಾಮೃತದಾಗ ನೆನಿ ಇಡ್ತೇನಿ."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಒಳಗೆ ಊಟಕ್ಕೆ ಕೂತಿದ್ದ ಕಾಕಾ ಕೆಮ್ಮಿದರು.

ಅವರು ಸುಮ್ಮನೆ ಕೂತಿಲ್ಲ. ರ‍್ಯಾಚೆಟ್ ಪೆಟ್ಟಿಗೆಯನ್ನು ಗೆಳೆಯ ಗುರಪ್ಪನ ಮನೆಗೆ ಸಾಗಿಸಿದರು. ಕಾಕು ಮರುದಿನವೇ ಹೋಗಿ, ಖಂಡೆ ಮನೆಯಿಂದ ಹೊರಗೆ ಇರಬಾರದು ಎಂದು ಗುರಪ್ಪನ ತಲೆಯ ಮೇಲೇ ಹೊರಿಸಿಕೊಂಡು ಬಂದರು. ಸಕ್ಕರೆ ತಾಗಿದರೆ ಕಬ್ಬಿಣಕ್ಕೆ ತುಕ್ಕು ಬರುತ್ತದೆ ಎಂದು ಕಾಕಾ ಹೇಳಿ ನೋಡಿದರು. ಹಾಗಾದರೆ ತುಪ್ಪ ಜಾಸ್ತಿ ಹಾಕುತ್ತೇನೆ ಎಂದರು ಕಾಕು. ಪೂಜೆಯಾದ ಮೇಲೆ ತೊಳೆದುಕೊಂಡರಾಯಿತಲ್ಲ ಎಂದು ನಾನೂ ಕಾಕಾನಿಗೆ ಹೇಳಿದ್ದೆ. ಆದರೆ ಅಷ್ಟನ್ನೂ ಬಿಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗು ಹಾರಿಹೋಗದಂತೆ ಹಿಡಿದು, ಮತ್ತೆ ಕೂರಿಸಲು ಅವರಿಗೀಗ ಎಡಗೈಯೊಂದೇ. ಶೆಡ್ಡಿಗೆ ಚಹಾ ತರುವ ಕಾಕು ಒಮ್ಮೆ ಆ ತಟ್ಟೆಯ ಕೆಂಪನ್ನು ನೋಡಿದರೆ ಮುಗಿಯಿತು.

ನಿನ್ನೆ ಕಾಕು ಸಂತೆಗೆ ಹೋದ ಹೊತ್ತಿನಲ್ಲಿ ಕಾಕಾ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರ್ರಿ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ಕೂತರು. ಮೈಯೆಲ್ಲ ಗ್ರೀಸು ಎಂದರು. ಸ್ವಲ್ಪ ಹೊತ್ತು ಭುವನೇಶ್ವರಿಯ ಪಾಟಿಯ ಮೇಲಿನ ಅಕ್ಷರ ನೋಡಿ ಹೊಗಳಿದರು.

"ತಂಗಿ, ನಿನ್ನ ತವರ ಮುದ್ದೇಬಿಹಾಳ ಅಲ್ಲೇನು? ಅಲ್ಲೆ ಖಂಡೆಪೂಜಿ ಹೆಂಗ ಮಾಡ್ತಾರ?"

"ನಮ್ಮಪ್ಪಂದು ಕಿರಾಣಿ ಅಂಗಡಿರಿ ಕಾಕಾ. ತಕ್ಕಡಿಗೆ ಕುಂಕುಮ ಹಚ್ಚಿ ಕೈ ಮುಗಿತಿದ್ವಿ."

"ಉಡಿ ತುಂಬ್ತಿದ್ದಿಲ್ಲೇನು?"

"ತಕ್ಕಡಿಗ್ಯಾರ ಉಡಿ ತುಂಬ್ತಾರ್ರಿ?"

ಅವರು ನಗಲಿಲ್ಲ. ಮಡಚದ ಬೆರಳುಗಳನ್ನು ಎಡಗೈಯಿಂದ ತಿಕ್ಕುತ್ತ ಹೇಳಿದರು.

"ತುಂಬ್ತಿದ್ವಿ ಅಂತ ನಿಮ್ಮ ಕಾಕುಗ ಹೇಳವ್ವಾ. ನಮ್ಮ ತವರಾಗ ಒಂದೊಂದು ಹತಾರಕ್ಕ ಒಂದೊಂದು ಹೊಸಾ ಖಣ ಸುತ್ತಿ ಉಡಿ ತುಂಬ್ತಾರ, ಅಭಿಷೇಕಕ್ಕಿಂತ ಅದ ದೊಡ್ಡದು, ಉಡಿ ತುಂಬಿದ ಮ್ಯಾಲ ನೀರ ಸೋಕಿಸಬಾರದು ಅಂತ ಹೇಳು. ಅಕ್ಕಿ, ಉತ್ತತ್ತಿ, ಒಣಕೊಬ್ರಿ, ಅಡಕಿ, ಎಲ್ಲಾ ಒಣಾ ಸಾಮಾನು, ನಾ ವಿಚಾರ ಮಾಡಿ ನೋಡೇನಿ. ನಾ ಹೇಳಿದ್ರ ಯಾಕಂತ ಕೇಳ್ತಾಳ, ನೀ ಹೇಳಿದ್ರ ಯಾಕ ಅನ್ನಂಗಿಲ್ಲ. ಬೇಕಾದ್ರ ಆಕಿ ಕೂಡ ಕುಂತು ನೀನೂ ತುಂಬು. ನವಮಿ ಹಿಂದಿನ ದಿನ ಆಕಿ ಹಾಲಿಗೆ ಹೆಪ್ಪ ಹಾಕೂದ್ರಾಗ ಬಂದು ಹೇಳವ್ವಾ, ಇದೊಂದು ನಡಿಸಿಕೊಡು."