ಎನಿಡ್ ಟ್ಯಾಪ್ಸೆಲ್ ಮತ್ತು ಹದಿನಾಲ್ಕು ಕಣ್ಣಿಲ್ಲದ ಜೀವಿಗಳು

ನನ್ನ ಅಕ್ಷರ ಕೆಟ್ಟದು, ಗೊತ್ತಿರುವ ಪದಗಳೂ ಕಡಿಮೆ. ಪರೀಕ್ಷೆಗೆ ಕೂರದೆ ಹದಿನಾರಕ್ಕೇ ಶಾಲೆ ಬಿಟ್ಟವಳು ನಾನು. ನಮ್ಮ ಕಾರ್ಮಿಕ ಸಂಘದ ಪತ್ರಿಕೆಗೆ ಎನಿಡ್ ಟ್ಯಾಪ್ಸೆಲ್ ಅವರ ಬಗ್ಗೆ ಯಾರಾದರೂ ಬರೆಯಬೇಕು ಎಂದಾಗ ಉಳಿದವರೆಲ್ಲ ಕೈಗೆ ಅಂಟು ಮೆತ್ತಿಕೊಂಡಿದೆ ಎಂದುಬಿಟ್ಟರು. ಒಲೆಕೋಣೆಯಲ್ಲಿ ದಿನವಿಡೀ ಅವರ ಜೊತೆ ಇರುವವಳು ನಾನೇ ಆದ್ದರಿಂದ ಬರೆಯುತ್ತಿದ್ದೇನೆ. ಟೈಪ್ ಮಾಡುವವರು ತಪ್ಪುಗಳನ್ನು ತಿದ್ದಿಕೊಳ್ಳಿ. ಸಮಯ ಮತ್ತು ಅಳತೆಗಳನ್ನು ಮಾತ್ರ ಮುಟ್ಟಬೇಡಿ, ಅವನ್ನು ಆಗಿಂದಾಗಲೇ ನೋಡಿ ಗುರುತು ಹಾಕಿಕೊಂಡಿದ್ದೇನೆ.

ಎನಿಡ್ ಅವರಿಗೆ ಐವತ್ತೆಂಟು ವರ್ಷ. ಇಪ್ಪತ್ತೆರಡು ವರ್ಷ ಸ್ಲೌ ಊರಿನ ಒಂದು ಬೇಕರಿಯಲ್ಲಿ ಕೇಕಿನ ಹಿಟ್ಟು ಕಲಸಿದರು. ಬೇಕರಿ ಮುಚ್ಚಿದ ಮೇಲೆ ನಮ್ಮ ಸಿನಿಮಾ ಸ್ಟುಡಿಯೋದ ಕ್ಯಾಂಟೀನಿಗೆ ಬಂದರು. ಒಂದು ದಿನ ಅವರು ಮೊಟ್ಟೆಯ ಬಿಳಿಯನ್ನು ಕಡೆದು ನೊರೆ ಬರಿಸುತ್ತಿದ್ದುದನ್ನು ಚಿತ್ರಗಳಿಗೆ ವಿಚಿತ್ರ ಜೀವಿಗಳ ವೇಷ ತಯಾರಿಸುವ ಕಾರ್ಯಾಗಾರದ ಮುಖ್ಯಸ್ಥರು ನಿಂತು ನೋಡಿದರಂತೆ.

“ರಬ್ಬರ್ ಹಾಲನ್ನೂ ಹೀಗೇ ನೊರೆ ಬರಿಸ್ತೀರಾ?”

“ಯಾಕೆ, ತಿನ್ನೋಕಾ?”

“ಜನರನ್ನ ಹೆದರಿಸೋಕೆ.”

“ಅದಕ್ಕೆ ನನ್ನ ಹಣ್ಣಿನ ಕೇಕೇ ಸಾಕಲ್ಲ, ತಗೊಂಡ್ಹೋಗಿ.”

ಮರುದಿನದಿಂದ ಅವರು ಒಲೆಕೋಣೆಯವರಾದರು. ಕೆಲಸ ಹೇಳುವುದಕ್ಕೆ ಸುಲಭ. ರಬ್ಬರ್ ಹಾಲನ್ನು ದೊಡ್ಡ ಬಟ್ಟಲಲ್ಲಿ ಕಡೆಯಬೇಕು, ಹೆಪ್ಪು ಹಾಕಬೇಕು, ಅಚ್ಚಿಗೆ ಸುರಿಯಬೇಕು, ನಾಲ್ಕು ಗಂಟೆ ಬೇಯಿಸಬೇಕು. ಹೊರಗೆ ಬರುವುದು ಸ್ಪಂಜಿನಂತೆ ಮೆತ್ತಗಿನ ಚರ್ಮ, ಅದನ್ನು ತೊಟ್ಟವನೇ ಜೀವಿ. ಕಷ್ಟವಿರುವುದು ಹೆಪ್ಪಿನಲ್ಲಿ. ಅದು ಬಿದ್ದ ಮೇಲೆ ಆರು ನಿಮಿಷ ಮಾತ್ರ ಸಿಗುತ್ತದೆ. ಏಳನೆಯ ನಿಮಿಷಕ್ಕೆ ಬಟ್ಟಲಲ್ಲೇ ಗಟ್ಟಿಯಾಗುತ್ತದೆ.

ಮೊದಲ ಚಿತ್ರದಲ್ಲಿ ಜೀವಿ ಇದ್ದದ್ದು ಒಂದೇ. ದೂರದ ಗ್ರಹದ ಉಪ್ಪಿನ ಗಣಿಯಲ್ಲಿ ವಾಸಿಸುವ, ಕಣ್ಣಿಲ್ಲದ, ಕತ್ತಿನ ಸುತ್ತ ಮೀನಿನಂತೆ ಕಿವಿರುಗಳಿರುವ ಜೀವಿ. ಆ ಕಿವಿರುಗಳನ್ನು ಎನಿಡ್ ಕಾಗದದಷ್ಟು ತೆಳ್ಳಗೆ ಬೇಯಿಸಿದ್ದರು. ಒಳಗಿನಿಂದ ಗಾಳಿ ಊದಿದರೆ ಅವು ಉಸಿರಾಡುವಂತೆ ಅದುರುತ್ತಿದ್ದವು. ಒಂದು ಚರ್ಮಕ್ಕೆ ಆಗ ಮೂರು ವಾರ ಸಿಕ್ಕಿತ್ತು.

ಏಳು ವರ್ಷದ ನಂತರ ಈಗ ಎರಡನೆಯ ಭಾಗ ತಯಾರಾಗುತ್ತಿದೆ. ಇದರಲ್ಲಿ ಜೀವಿಗಳು ಹದಿನಾಲ್ಕು, ಸಮಯ ಆರು ವಾರ. ನಿರ್ದೇಶಕರು ಹೊಸಬರು, ಅಮೆರಿಕದವರು, ಹೆಸರು ಹಾಲ್ವರ್ಸನ್. ಅವರು ಬಂದ ಮೊದಲ ವಾರವೇ ಪ್ಲಾಸ್ಟಿಕ್ ಕಾರ್ಖಾನೆಯೊಂದರಿಂದ ಮಾದರಿ ತರಿಸಿ ಮೇಜಿನ ಮೇಲಿಟ್ಟರು. ಗುರುವಾರ ಬೆಳಿಗ್ಗೆ ಕ್ಯಾಮೆರಾದ ಮುಂದೆ ಎರಡನ್ನೂ ನೋಡುತ್ತೇನೆ ಎಂದರು. ಎನಿಡ್ ಅವರ ಚರ್ಮ ಗೆಲ್ಲದಿದ್ದರೆ ಹದಿನಾಲ್ಕೂ ಪ್ಲಾಸ್ಟಿಕ್, ಒಲೆಕೋಣೆಗೆ ಬೀಗ.

ಅಂದಿನಿಂದ ಎನಿಡ್ ಕೂತದ್ದನ್ನು ನಾನು ನೋಡಿಲ್ಲ. ಒರೆಸಿದ ಚಮಚವನ್ನೇ ಮತ್ತೆ ಒರೆಸುತ್ತಿದ್ದರು. ಗೋಡೆಯ ಉಷ್ಣಮಾಪಕದ ಹತ್ತಿರ ಹೋಗಿ ಬಂದು, ಓದಿದ್ದನ್ನು ಮರೆತು ಮತ್ತೆ ಹೋಗುತ್ತಿದ್ದರು. ಬನ್ನಿನೊಳಗಿನ ಬೇಕನ್ ತಿಂದು ಬನ್ನನ್ನು ಕಿಟಕಿಯ ಮೇಲೆ ಮರೆಯುತ್ತಿದ್ದರು. ಸೋಮವಾರದ ಚರ್ಮ ಬೆನ್ನಿನ ಕಡೆ ಕುಸಿಯಿತು. ಉಳಿದದ್ದು ಒಂದೂವರೆ ಡಬ್ಬಿ ರಬ್ಬರ್ ಹಾಲು. ಪೂರ್ತಿ ಚರ್ಮಕ್ಕೆ ಒಂದು ಡಬ್ಬಿ ಬೇಕು. ಮುಂದಿನ ಸರಕು ಬರುವುದು ಶುಕ್ರವಾರ.

ಈಗ ಟೀ ವಿಷಯ ಹೇಳಬೇಕು. ಹಾಲ್ವರ್ಸನ್ ಬಂದ ಹೊಸತರಲ್ಲಿ ಮಧ್ಯಾಹ್ನದ ಟೀಯನ್ನು ರದ್ದು ಮಾಡಲು ನೋಡಿದ್ದರು. ಎಲ್ಲರೂ ಕೆಲಸ ನಿಲ್ಲಿಸಿ ಅಂಗಳದಲ್ಲಿ ನಿಂತೆವು. ಆಗ ಮುಂದೆ ನಿಂತು ಮಾತಾಡಿದವರು ಎನಿಡ್. ಕೊನೆಗೆ ಒಪ್ಪಂದವಾಯಿತು: ಗಂಟೆ ಬಾರಿಸಿದರೆ ಯಾರೇ ಆಗಲಿ, ಯಾವ ಕೆಲಸವೇ ಆಗಲಿ, ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು. ಸಂಘದ ಮುಖಂಡ ಸಿರಿಲ್ ಬ್ಯಾಗ್ಲಿ ಅವರ ಸಹಿಯ ಕೆಳಗೆ ಎನಿಡ್ ಅವರ ಸಹಿಯೂ ಇದೆ, ಅದರ ಕೆಳಗೆ ನಮ್ಮೆಲ್ಲರ ಹೆಸರು.

ಟೀ ಗಂಟೆ ಮೂರೂವರೆಗೆ. ಬುಧವಾರ ಎನಿಡ್ ಅದನ್ನು ಲೆಕ್ಕ ಹಾಕಿಯೇ ಮೂರು ಹದಿನೆಂಟಕ್ಕೆ ಹೆಪ್ಪು ಹಾಕಿದರು. ಆರು ನಿಮಿಷ ಕಳೆದರೂ ಇನ್ನೂ ಆರು ನಿಮಿಷ ಕೈಯಲ್ಲಿರುತ್ತಿತ್ತು. ಮೂರು ಇಪ್ಪತ್ತಕ್ಕೆ ಗಂಟೆ ಹೊಡೆಯಿತು.

ಆದದ್ದು ಇಷ್ಟು. ಸೆಟ್ಟಿನಲ್ಲಿ ದೀಪಗಳನ್ನು ಬದಲಿಸುತ್ತಿದ್ದರು. ಹೇಗೂ ನಿಲ್ಲಿಸುತ್ತಾರಲ್ಲ, ಈಗಲೇ ಟೀ ಕುಡಿದು ಮುಗಿಸಲಿ ಎಂದು ಹಾಲ್ವರ್ಸನ್ ಹೇಳಿದ್ದರು. ಸಿರಿಲ್ ಖುಷಿಯಿಂದ ಹೋಗಿ ಗಂಟೆ ಬಾರಿಸಿದ್ದರು. ಬಾಗಿಲು ಮುಚ್ಚಿದ್ದ ಒಲೆಕೋಣೆಗೆ ಬಂದು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಟ್ಟಲು ಎನಿಡ್ ಅವರ ತೋಳಲ್ಲಿತ್ತು. ಅಚ್ಚಿನ ಬಾಯಿಯನ್ನು ನಾನು ಹಿಡಿದಿದ್ದೆ. ಅವರು ಗಡಿಯಾರ ನೋಡಿದರು, ಬಟ್ಟಲು ನೋಡಿದರು. ಬಾಗಿಲ ಗಾಜಿನಾಚೆ ಎಲ್ಲರೂ ಟೀ ಗಾಡಿಯ ಕಡೆ ಹೋಗುತ್ತಿದ್ದರು.

“ಸುರೀರಿ,” ಅಂದೆ.

“ನಾನೇ ಸುರಿದ್ರೆ ನಾಳೆ ಆ ಹಾಲ್ವರ್ಸನ್ ಎಲ್ಲರಿಗೂ ಹೇಳ್ತಾನೆ ಮರಿ, ನೋಡಿ ಆ ಮುದುಕಿ ಗಂಟೆ ಹೊಡೆದ್ರೂ ಕೆಲಸ ಮಾಡ್ತಾಳೆ, ನೀವೂ ಮಾಡಿ ಅಂತ.”

ಬಟ್ಟಲನ್ನು ಮೇಜಿನ ಮೇಲಿಟ್ಟು ಹೋಗಿ ಸಾಲಿನಲ್ಲಿ ನಿಂತರು. ಟೀ ತೆಗೆದುಕೊಂಡರು, ಕುಡಿಯಲಿಲ್ಲ. ಒಪ್ಪಂದದಲ್ಲಿ ನನ್ನ ಹೆಸರೂ ಇದ್ದುದರಿಂದ ನಾನೂ ಹಿಂದೆ ಹೋಗಿ ನಿಂತೆ. ಆದರೆ ಬಾಗಿಲಿನ ಕಡೆಯೇ ನೋಡುತ್ತಿದ್ದೆ.

“ಏನ್ ಎನಿಡಜ್ಜಿ, ಬಿಸ್ಕತ್ತೂ ಮುಟ್ಟಿಲ್ಲ? ಜೀವಿ ಹೆದರಿಸ್ತಾ?” ಎಂದು ಸಿರಿಲ್ ನಕ್ಕರು.

“ಹೆಪ್ಪು ಹಾಕಿ ಬಂದಿದೀನಿ ಸಿರಿಲ್. ನಾಲ್ಕು ನಿಮಿಷದ ಹಿಂದೆ.”

ಸಿರಿಲ್ ತಮ್ಮ ಕಪ್ಪನ್ನು ಗಾಡಿಯ ಮೇಲಿಟ್ಟರು. “ಅಯ್ಯೋ ದೇವ್ರೇ! ಓಡು, ಹೋಗು, ಸುರಿ! ನಾನು ನೋಡೇ ಇಲ್ಲ ಅನ್ಕೋತೀನಿ.”

“ನೋಡಿದೀಯಲ್ಲ.”

ಅಷ್ಟು ಹೊತ್ತಿಗೆ ಹಾಲ್ವರ್ಸನ್ ಅಲ್ಲಿಗೇ ಬಂದರು. ವಿಷಯ ಕೇಳಿ ಅವರಿಗೆ ನಂಬಲಾಗಲಿಲ್ಲ. “ಒಂದು ಕಪ್ ಟೀಗೋಸ್ಕರ ಇಡೀ ಚರ್ಮ ಬಿಟ್ರಾ?”

“ಟೀಗಲ್ಲಪ್ಪ. ಟೀ ಮುಟ್ಟೇ ಇಲ್ಲ, ಬೇಕಾದ್ರೆ ನೀನೇ ಕುಡಿ. ಸಹಿ ಹಾಕಿದ್ದೆ, ಅದಕ್ಕೆ.”

ಹಾಲ್ವರ್ಸನ್ ಸೆಟ್ಟಿನ ಕಡೆ ಹೋದರು. ಆ ಹೊತ್ತಿಗಾಗಲೇ ಬಟ್ಟಲನ್ನು ತಲೆಕೆಳಗು ಮಾಡಿದರೂ ಒಳಗಿನದು ಬೀಳುತ್ತಿರಲಿಲ್ಲ.

ಸಿರಿಲ್ ಎಲ್ಲರನ್ನೂ ಟೀ ಗಾಡಿಯ ಹತ್ತಿರವೇ ನಿಲ್ಲಿಸಿದರು. ಒಲೆಕೋಣೆಯಲ್ಲಿ ಹೆಪ್ಪು ಬಿದ್ದಿದ್ದರೆ ಗಂಟೆ ಬಾರಿಸಕೂಡದು ಎಂಬ ಮಾತನ್ನು ಒಪ್ಪಂದಕ್ಕೆ ಸೇರಿಸೋಣ, ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರೂ ಕಪ್ಪುಗಳನ್ನೇ ಎತ್ತಿದರು. ಎನಿಡ್ ಮಾತ್ರ ಎತ್ತಲಿಲ್ಲ. “ಇದನ್ನ ಸಹಿ ಹಾಕೋವಾಗ್ಲೇ ಬರೆಸಬೇಕಿತ್ತು. ನನಗೇ ಹೊಳೀಲಿಲ್ಲ ನೋಡು, ದಡ್ಡಿ,” ಎಂದು ಒಳಗೆ ಹೋದರು.

ಅರ್ಧ ಡಬ್ಬಿ ಉಳಿದಿತ್ತು. ಅದರಲ್ಲಿ ಕಿವಿರು ಮಾತ್ರ ಆಗುತ್ತದೆ. ಎನಿಡ್ ಉಗ್ರಾಣದಿಂದ ಮೊದಲ ಚಿತ್ರದ ಚರ್ಮವನ್ನು ತರಿಸಿದರು. ಹೊಟ್ಟೆಯ ಕಡೆ ಅದು ಒಣ ಬ್ರೆಡ್ಡಿನಂತೆ ಉದುರುತ್ತಿತ್ತು, ಆದರೆ ಹೊಸ ಕಿವಿರು ಅಂಟಿಸುವಷ್ಟು ಕತ್ತು ಗಟ್ಟಿಯಾಗಿತ್ತು. ಗುರುವಾರ ಬೆಳಿಗ್ಗೆ ಆರಕ್ಕೆ ಹೆಪ್ಪು ಹಾಕಿದೆವು. ನಾನು ನಿಮಿಷಗಳನ್ನು ಗಟ್ಟಿಯಾಗಿ ಎಣಿಸಿದೆ. ಐದನೆಯದಕ್ಕೆ ಅಚ್ಚು ತುಂಬಿತು. ಬೇಯುವಷ್ಟು ಹೊತ್ತೂ ಎನಿಡ್ ಒಲೆಯ ಮುಂದೆ ಓಡಾಡಿದರು. ನಾನು ಕುರ್ಚಿ ತಂದಿಟ್ಟೆ, ಅದರ ಸುತ್ತಲೂ ಓಡಾಡಿದರು.

ಹನ್ನೊಂದಕ್ಕೆ ಸಣಕಲು ನೃತ್ಯಗಾರನೊಬ್ಬ ಹಳೆಯ ಚರ್ಮ ಮತ್ತು ಹೊಸ ಕಿವಿರು ತೊಟ್ಟು ದೀಪದ ಮುಂದೆ ನಿಂತ. ಹೊಟ್ಟೆ ಕಾಣದಂತೆ ಅವನನ್ನು ಕಂಬದ ಹಿಂದೆ ನಿಲ್ಲಿಸಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ತೊಟ್ಟ ಇನ್ನೊಬ್ಬನಿದ್ದ. ಗಾಳಿ ಊದಿದಾಗ ಪ್ಲಾಸ್ಟಿಕ್ ಕಿವಿರು ಟಕ್ ಟಕ್ ಎಂದು ಬಡಿದುಕೊಂಡಿತು. ಎನಿಡ್ ಅವರದ್ದು ಸದ್ದಿಲ್ಲದೆ ತೆರೆದು ಮುಚ್ಚಿತು. ದೀಪ ಹಿಡಿದವನು ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಎಡಗಡೆಯ ಕಿವಿರಿನಲ್ಲಿ ಒಂದು ಗಾಳಿಗುಳ್ಳೆ ಇತ್ತು, ಅದನ್ನು ನಾನು ಬರೆಯಲೇಬೇಕು.

ಹಾಲ್ವರ್ಸನ್ ಕ್ಯಾಮೆರಾದಲ್ಲಿ ಮೂರು ಸಲ ನೋಡಿದರು. “ಮುಂದೆ ನಿಲ್ಲೋ ಆರು ನಿಮ್ಮವು. ಹಿಂದಿನ ಎಂಟು ಪ್ಲಾಸ್ಟಿಕ್. ಅದಕ್ಕಿಂತ ಹೆಚ್ಚಿಗೆ ಟೈಮಿಲ್ಲ ನನ್ನ ಹತ್ರ.”

“ಹಿಂದಿನ ಎಂಟಕ್ಕೆ ಹೊಗೆ ಜಾಸ್ತಿ ಬಿಡಿಸಿ ಹಂಗಾದ್ರೆ,” ಎಂದರು ಎನಿಡ್.

ಎಲ್ಲರೂ ನಕ್ಕರು. ಹದಿನಾಲ್ಕೂ ತಮ್ಮವೇ ಆಗಬೇಕೆಂದು ಎನಿಡ್ ಅವರಿಗೆ ಆಸೆಯಿತ್ತು, ಹೀಗಾಗಿ ಅವರು ನಗಲಿಲ್ಲ. ಆದರೆ ಒಲೆಕೋಣೆಗೆ ಬೀಗ ಬೀಳಲಿಲ್ಲ. ವಾಪಸ್ ಬರುವ ದಾರಿಯಲ್ಲೇ ಬೆರಳು ಮಡಿಚುತ್ತ ಆರು ಚರ್ಮಕ್ಕೆ ಎಷ್ಟು ದಿನ ಎಂದು ಎಣಿಸಿದರು, ತಪ್ಪಿ ಮೊದಲಿನಿಂದ ಎಣಿಸಿದರು.

ಈಗ ಶುಕ್ರವಾರ ಬೆಳಿಗ್ಗೆ, ರಬ್ಬರ್ ಹಾಲಿನ ಲಾರಿ ಗೇಟಿನ ಹತ್ತಿರ ಬಂದಿದೆ. ನಾನು ಹೋಗಿ ಡಬ್ಬಿಗಳನ್ನು ಇಳಿಸಿಕೊಂಡು, ಮೊದಲನೆಯ ಅಚ್ಚನ್ನು ಒರೆಸಿ ಒಣಗಿಸುತ್ತೇನೆ.