ಪಂಪು ರಿಪೇರಿಗೆ ಗಂಡಸರು ಯಾರೂ ಇಲ್ವಾ?

ನಾನು ಪಂಪು ರಿಪೇರಿ ಮಾಡುವವಳು. ಇನ್ನಂಜೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಸುಟ್ಟ ಮೋಟಾರುಗಳನ್ನು ಬಿಚ್ಚಿ, ಕರಿಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುತ್ತೇನೆ. ಇದು ಅಪ್ಪ ಕಲಿಸಿದ ವಿದ್ಯೆ. ಕಾರ್ಕಳದಲ್ಲಿ ಅವರಿಗೆ ರಿವೈಂಡಿಂಗ್ ಅಂಗಡಿ ಇತ್ತು. ನನ್ನ ಬೆರಳು ಸಪೂರ ಎಂದು ಶಾಲೆಯಿಂದ ಬಂದ ಕೂಡಲೇ ಮೋಟಾರಿನ ಸಂದುಗಳಿಗೆ ತಂತಿಯ ಕಾಯಿಲ್ ಇಳಿಸಲು ಕೂರಿಸುತ್ತಿದ್ದರು. ಒಂದು ಸುತ್ತು ತಪ್ಪಿದರೂ ಇಡೀ ಕಾಯಿಲ್ ಬಿಚ್ಚಿಸುತ್ತಿದ್ದರು. ನಾನು ಅತ್ತದ್ದುಂಟು, ಆದರೆ ಕೆಲಸ ಕೈಗೆ ಹತ್ತಿತು. ಅಪ್ಪ ತೀರಿಕೊಂಡಾಗ, ನಡೆಸಲು ಗಂಡುಮಕ್ಕಳಿಲ್ಲವಲ್ಲ ಎಂದು ನೆಂಟರೆಲ್ಲ ಸೇರಿ ಮರುಗಿ ಅಂಗಡಿ ಮುಚ್ಚಿಸಿದರು. ಹಾಗೆ ಮರುಗುತ್ತಿದ್ದವರಿಗೆಲ್ಲ ಚಹಾ ಕೊಟ್ಟವಳು ನಾನೇ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸ್ವಂತ ಶುರು ಮಾಡಿದೆ. ಈ ಊರಿನಲ್ಲಿ ಬಾವಿಯಿಲ್ಲದ ಮನೆಯಿಲ್ಲ, ಏಪ್ರಿಲಿನಲ್ಲಿ ಕೈಕೊಡದ ಪಂಪಿಲ್ಲ. ಕೆಲಸಕ್ಕೇನು ಬರ? ಆದರೆ ಫೋನಿನಲ್ಲಿ ನನ್ನ ಸ್ವರ ಕೇಳಿದ ಕೂಡಲೇ ರಿಪೇರಿಗೆ ಗಂಡಸರು ಯಾರೂ ಇಲ್ವಾ ಎಂದು ಕೇಳುತ್ತಿದ್ದರು. ಮನೆಯಲ್ಲಿ ಮೂರು ದಿನ ನೀರಿಲ್ಲದಿದ್ದರೂ ಚಿಂತೆಯಿಲ್ಲ, ಮೋಟಾರು ಬಿಚ್ಚುವ ಕೈಯಲ್ಲಿ ಬಳೆ ಮಾತ್ರ ಇರಕೂಡದು.

ಹಾಗಾಗಿ ಗಂಡನನ್ನು ಜೊತೆಗೆ ಕರೆದೊಯ್ಯತೊಡಗಿದೆ. ಅವರು ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು, ಅದು ಮುಚ್ಚಿದ ಮೇಲೆ ಮನೆಯಲ್ಲೇ ಇದ್ದರು. ಸ್ವಭಾವದಲ್ಲಿ ಒಳ್ಳೆಯವರೇ. ಸ್ಪ್ಯಾನರಿಗೂ ಕಟ್ಟಿಂಗ್ ಪ್ಲೇಯರಿಗೂ ವ್ಯತ್ಯಾಸ ತಿಳಿಯದು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಿಸೆಗೆ ಪೆನ್ನು ಸಿಕ್ಕಿಸಿ ಬಾವಿಕಟ್ಟೆಯ ಪಕ್ಕ ಗದ್ದೆಯ ಬೆದರುಗೊಂಬೆಯಂತೆ ನಿಲ್ಲುತ್ತಿದ್ದರು. ಜನಕ್ಕೆ ಅಷ್ಟೇ ಸಾಕಿತ್ತು. ನಾನು ನೆಲದಲ್ಲಿ ಕೂತು ಬೇರಿಂಗ್ ತೆಗೆಯುತ್ತಿದ್ದರೆ ಮನೆಯ ಯಜಮಾನರು ಪಂಪಿನ ಕಾಯಿಲೆಯನ್ನೆಲ್ಲ ನನ್ನ ಗಂಡನಿಗೆ ವಿವರಿಸುವರು, ಅವರು ಗಂಭೀರವಾಗಿ ತಲೆಯಾಡಿಸುವರು. ಶರಬತ್ತು ಮೊದಲು ಅವರಿಗೆ. ಕೆಲಸ ಮುಗಿದ ಮೇಲೆ ಕೈ ತೊಳೆಯಲು ಸಾಬೂನನ್ನು ಕೂಡ ಅವರಿಗೇ ಕೊಟ್ಟ ಮಹಾನುಭಾವರಿದ್ದಾರೆ.

ಮಣಿಪಾಲದ ಹತ್ತಿರದ ಒಂದು ಖಾಸಗಿ ಲೇಡೀಸ್ ಹಾಸ್ಟೆಲಿನ ಪಂಪುಗಳ ಗುತ್ತಿಗೆ ಸಿಕ್ಕಿದ್ದೂ ಹೀಗೆಯೇ. ಮಹಿಳೆಯರಿಗೆ ನಮ್ಮಲ್ಲಿ ಬಹಳ ಪ್ರೋತ್ಸಾಹ ಉಂಟು ಎಂದು ಅಲ್ಲಿಯ ಮೆನೇಜರರು ಹೇಳಿದರು. ಅಡುಗೆಗೆ, ಗುಡಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಎಲ್ಲ ಮಹಿಳೆಯರೇ ಎಂದು ಹೆಮ್ಮೆಪಟ್ಟರು. ಆಮೇಲೆ, ಗುತ್ತಿಗೆಯ ಕಾಗದ ಮಾತ್ರ ಗಂಡನ ಹೆಸರಿನಲ್ಲಿರಲಿ, ಮೇಲಿನವರು ಪ್ರಶ್ನೆ ಕೇಳುವುದು ತಪ್ಪುತ್ತದೆ ಎಂದರು. ಬರೀ ಕಾಗದ ತಾನೇ ಎಂದು ಗಂಡನೂ ಹೇಳಿದರು. ನಾನು ಒಪ್ಪಿದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು, ಅಂದು ಒಪ್ಪಿದ ಪೆದ್ದಿ ನಾನೇ.

ಎರಡು ವರ್ಷ ಕಳೆಯಿತು. ಕೈಯಲ್ಲೇ ತಂತಿ ಸುತ್ತಿ ಸುತ್ತಿ ಬಲಗೈಯ ಮಣಿಕಟ್ಟು ಊದತೊಡಗಿತು. ಹೀಗೇ ಮುಂದುವರಿಸಿದರೆ ಕೈ ಉಳಿಯುವುದಿಲ್ಲ ಎಂದು ಡಾಕ್ಟರರು ಎಚ್ಚರಿಸಿದರು. ಸುತ್ತುವ ಯಂತ್ರ ತರಬೇಕು, ಇಲ್ಲವೇ ಕೆಲಸ ಬಿಡಬೇಕು. ಮಹಿಳಾ ಉದ್ಯಮಿಗಳಿಗೆ ಸಾಲ ಕೊಡುತ್ತಾರೆಂದು ಕೇಳಿ ಉಡುಪಿಯ ಒಂದು ಕಚೇರಿಗೆ ಹೋದೆ. ಗೋಡೆ ತುಂಬ ನಗುವ ಹೆಂಗಸರ ಚಿತ್ರಗಳು, ಎಲ್ಲರ ಕೈಯಲ್ಲೂ ಉಪ್ಪಿನಕಾಯಿ ಬಾಟಲಿ. ಅಧಿಕಾರಿ ಅನುಭವದ ದಾಖಲೆ ಕೇಳಿದರು. ನನ್ನಲ್ಲಿದ್ದದ್ದು ಹಾಸ್ಟೆಲಿನ ಕಾಗದ ಒಂದೇ, ಅದನ್ನು ಕೊಟ್ಟೆ. ಅವರು ಓದಿ, ಇದರಲ್ಲಿ ಅನುಭವ ನಿಮ್ಮ ಯಜಮಾನರದ್ದಲ್ವಾ ಎಂದರು. ಯಜಮಾನರಿಗೆ ಕೊಡೋಣವೆಂದರೆ ಅವರು ಮಹಿಳೆಯಲ್ಲ. ಕೊನೆಗೆ ನನ್ನ ಮೇಲೆ ಮರುಕಪಟ್ಟು, ಫಿನಾಯಿಲ್ ತಯಾರಿಸುವ ಹತ್ತು ದಿನದ ತರಬೇತಿಯ ಅರ್ಜಿಯೊಂದನ್ನು ಕೈಗಿತ್ತರು. ನನಗೆ ಮೈಯೆಲ್ಲ ಉರಿಯಿತು. ಎಂಟನೆಯ ವಯಸ್ಸಿನಿಂದ ಕಲಿತ ವಿದ್ಯೆ ಗಂಡನ ಅಂಗಿಯ ಕಿಸೆ ಸೇರಿತ್ತು.

ಮರುದಿನವೇ ಗಂಡನನ್ನು ಕರೆದುಕೊಂಡು ಹಾಸ್ಟೆಲಿಗೆ ಹೋದೆ. ಇಷ್ಟು ದಿನ ಕೆಲಸ ಮಾಡಿದವಳು ನಾನು, ಹಾಗೆಂದು ಒಂದು ಪತ್ರ ಕೊಡಿ ಎಂದು ಮೆನೇಜರರನ್ನು ಕೇಳಿದೆ. ವಾರ್ಡನ್ ಮೇಡಂ ಅಲ್ಲೇ ಇದ್ದರು. ನಾನು ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕೂತದ್ದನ್ನು ಎಷ್ಟೋ ಸಲ ನೋಡಿದವರು, ಮಹಿಳಾ ದಿನದಂದು ಹುಡುಗಿಯರಿಗೆ ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡಿದವರು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮೆನೇಜರರು ನನ್ನನ್ನು ಬಿಟ್ಟು ಗಂಡನ ಕಡೆ ನೋಡಿದರು.

“ನೀವೇ ಹೇಳಿ ಮಾರಾಯ್ರೇ, ಕೆಲಸ ಮಾಡುವುದು ಯಾರು?”

ನನ್ನ ಗಂಡ ಕಿಸೆಯ ಪೆನ್ನನ್ನು ಸರಿಮಾಡಿಕೊಂಡರು.

“ನಾವಿಬ್ಬರೂ ಸೇರಿ ಮಾಡುವುದು.”

ಆ ಹಾಸ್ಟೆಲಿನಲ್ಲಿ ಅವರು ಎತ್ತಿದ ಅತಿ ಭಾರದ ವಸ್ತು ಚಹಾದ ಲೋಟ. ಮೆನೇಜರರ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ಅವರು ಹೊರಗಿನವರು. ನನ್ನ ಊದಿದ ಕೈಗೆ ದಿನವೂ ಎಣ್ಣೆ ತಿಕ್ಕುತ್ತಿದ್ದ ಮನುಷ್ಯ ಹೀಗೆ ಹೇಳಿದ್ದರಿಂದ ನನಗೆ ಬಹಳ ನೋವಾಯಿತು. ಕಟಪಾಡಿಯಲ್ಲಿ ಬಸ್ಸಿಳಿದ ಮೇಲೆ ಅವರೇ, ಎಲ್ಲ ನೀನೇ ಮಾಡುವುದು ಎಂದಿದ್ದರೆ ಅಲ್ಲಿ ನನಗೆ ಎಂತ ಮರ್ಯಾದೆ ಉಳಿಯುತ್ತಿತ್ತು ಎಂದು ಕೇಳಿದರು. ಈಗ ಎಷ್ಟು ಉಳಿದಿದೆ ಎಂದು ನಾನು ಕೇಳಿದೆ.

ಹತ್ತು ದಿನ ಕಳೆಯುವಷ್ಟರಲ್ಲಿ ಹಾಸ್ಟೆಲಿನ ದೊಡ್ಡ ಮೋಟಾರು ಸುಟ್ಟುಹೋಯಿತು. ಫೋನು ಬಂದದ್ದು ಗಂಡನಿಗೆ. ಅವರು ಅದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಇಬ್ಬರೂ ಸೇರಿ ಮಾಡುವುದಲ್ಲವೇ, ಮೊದಲು ನಿಮ್ಮ ಪಾಲಿನ ಕೆಲಸ ಮುಗಿಸಿ ಬನ್ನಿ, ಆಮೇಲೆ ನಾನು ಹೋಗುತ್ತೇನೆ ಎಂದೆ. ಅವರು ಸೀದಾ ಬಚ್ಚಲಿಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಹುಡುಗಿಯರಿಗೆ ಟ್ಯಾಂಕರಿನಲ್ಲಿ ನೀರು ತರಿಸಿದ್ದಾರೆಂದು ತಿಳಿದದ್ದರಿಂದ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಬೇರೆ ರಿಪೇರಿಯವರನ್ನು ವಿಚಾರಿಸಿದರಂತೆ, ವಾರದ ಮೊದಲು ಆಗದು ಎಂದರಂತೆ. ಮಧ್ಯಾಹ್ನ ವಾರ್ಡನ್ ಮೇಡಂ ನನ್ನ ಗಂಡನಿಂದ ನನ್ನ ನಂಬರು ಪಡೆದು ನನಗೇ ಫೋನ್ ಮಾಡಿದರು. ಪತ್ರ ಕೈಗೆ ಬಂದರೆ ಹೊರಡುತ್ತೇನೆ ಎಂದೆ. ಎರಡು ವರ್ಷ ಕಾಣದ ಸತ್ಯ ಅರ್ಧ ಗಂಟೆಯಲ್ಲಿ ಅವರಿಗೆಲ್ಲ ಕಾಣಿಸಿತು, ಪತ್ರ ಮೊಬೈಲಿಗೆ ಬಂತು. ಸಹಿ, ಮೊಹರು ಎಲ್ಲ ಸರಿಯಾಗಿತ್ತು. ಪಂಪುಗಳ ಕೆಲಸವನ್ನು ತೃಪ್ತಿಕರವಾಗಿ ನಿರ್ವಹಿಸಿದವರು ಶ್ರೀಮತಿ ಎಂದು ಬರೆದು, ಮುಂದೆ ನನ್ನ ಗಂಡನ ಹೆಸರು ಹಾಕಿದ್ದರು.

ಕೂಡಲೇ ಫೋನ್ ಮಾಡಿ, ಇದು ನನ್ನ ಹೆಸರಲ್ಲ ಎಂದೆ. ವಾರ್ಡನ್ ಮೇಡಂ ತಗ್ಗಿದ ಸ್ವರದಲ್ಲಿ ಕೇಳಿದರು.

“ನಿಮ್ಮ ಹೆಸರು ಎಂತ?”

ಅವರು ಇಷ್ಟು ದಿನ ಮಿಂದದ್ದು, ಕುಡಿದದ್ದು ಎಲ್ಲ ನಾನು ಮೇಲಕ್ಕೆ ಹತ್ತಿಸಿದ ನೀರು. ಟ್ಯಾಂಕಿ ಬತ್ತಿದ ದಿನ ಹೆಸರು ಕೇಳಿದರು. ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವರು ಬರೆದುಕೊಂಡರು.