ಒದ್ದೆ ಟವೆಲ್

ಶಿವರಾತ್ರಿ ಹತ್ತಿರ ಬಂತೆಂದರೆ ಕೊಪ್ಪದ ನಮ್ಮ ಮನೆಯ ಗಾಳಿಯೆಲ್ಲ ಒಣಗಿ ನನ್ನ ಮೂಗು ಉರಿಯತೊಡಗುತ್ತದೆ. ಕೋಣೆಯಲ್ಲಿ ಒದ್ದೆ ಟವೆಲ್ ಹರವಿಡಿ ಎಂದರು ಡಾಕ್ಟರು. ನಾನು ಕುರ್ಚಿಯ ಮೇಲೆ ಹರವಿ ಅತ್ತ ತಿರುಗುವಷ್ಟರಲ್ಲಿ ಅತ್ತಿಗೆ ಅದನ್ನು ಅಂಗಳದ ಬಿಸಿಲಿಗೆ ಒಯ್ದಿರುತ್ತಿದ್ದರು.

“ಒದ್ದೆ ಬಟ್ಟೆ ಒಳಗಿಟ್ರೆ ಬೂಷ್ಟು ಹಿಡೀತದೆ ಮಾರಾಯ್ತಿ!”

ಮಳೆಗಾಲ ಮುಗಿದರೂ ಇವರ ತಲೆಯಿಂದ ಬೂಷ್ಟು ಹೋಗುವುದಿಲ್ಲವಲ್ಲ ಎಂದು ಸಿಡುಕಿದೆ. ಕೂತಲ್ಲಿ ಕೂರಲಾರದೆ, ಹಟಕ್ಕೆ ಬಿದ್ದು ಮಂಜು ಉಗುಳುವ ಮಷಿನ್ ತರಿಸಿದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಮೂಗು ತಣ್ಣಗಾಯಿತು. ಆಗಲೇ ಗೋಡೆಯ ಮೇಲೆ ಅಂಗೈಯಗಲ ತೇವ ಕಂಡಿತು. ಧಡಕ್ಕನೆ ಎದ್ದವಳು ಮಷಿನ್ ನಿಲ್ಲಿಸಿ, ಒಣಬಟ್ಟೆ ಹಿಡಿದು ಗೋಡೆಯನ್ನು ಗಸಗಸ ಉಜ್ಜತೊಡಗಿದ್ದೆ.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೈಚಾಚಿದರು. “ಕೊಡು, ಅದನ್ನೂ ಬಿಸಿಲಿಗೆ ಹಾಕ್ತೀನಿ.”